ಆಪಿನ ಕೆರೆಗೆ ಐದು ವರ್ಷ

ಗೊರೇಬಾಳ
11-2-1969

ಹಟ್ಟಿಯಲ್ಲಿರುವ ನಿಮಗೆ, ನಿಮ್ಮ ಪಂಪಮ್ಮ ಮಾಡುವ ನಮಸ್ಕಾರ.

ದೀಪಾವಳಿಗೆ ನೀವು ಬರೆದ ಪತ್ರ ಬಂದು ಮೂರು ತಿಂಗಳ ಮೇಲಾಯಿತು. ಉತ್ತರ ಬರೆಯಲು ಕೂತು ನಾಲ್ಕು ಸಲ ಹರಿದಿದ್ದೇನೆ. ಗಂಡ ಹೆಂಡತಿ ಆರು ವರ್ಷ ಬೇರೆಯಾಗಿದ್ದು ಈಗ ಕರೆಯುತ್ತಿದ್ದೀರಿ. ಗಣಿ ಕಂಪನಿಯವರು ಎರಡು ಕೋಣೆಯ ಮನೆ ಕೊಟ್ಟಿದ್ದಾರೆ, ಅಂಗಳದಲ್ಲಿ ನಲ್ಲಿ ಇದೆ, ಅಲ್ಲಿಯ ಶಾಲೆಯಲ್ಲಿ ಶಿಕ್ಷಕಿಯ ಜಾಗವೂ ಖಾಲಿ ಇದೆ ಎಂದಿದ್ದೀರಿ. "ಬರೋದಿದ್ರ ಯುಗಾದಿ ಒಳಗ ಬಾ. ಇಲ್ಲಾಂದ್ರ ಇಲ್ಲ ಅಂತ ಬರಿ. ಕಾಯೋದು ನನಗೂ ಸಾಕಾಗೇದ." ಈ ಸಾಲನ್ನು ಓದಿ ಓದಿ ಬಾಯಿಪಾಠವಾಗಿದೆ.

ಇಲ್ಲಿಯ ಸಂಗತಿಯನ್ನು ಮೊದಲು ಹೇಳುತ್ತೇನೆ. ನೀವು ಹೋಗುವಾಗ ಊರ ಪಡುವಣದ ತಗ್ಗಿನಲ್ಲಿ ಮೊಣಕಾಲುದ್ದ ನೀರು ಇತ್ತಲ್ಲ, ಕಾಲುವೆಯಿಂದ ಬಸಿದದ್ದು, ಅದು ಈಗ ದೊಡ್ಡ ಕೆರೆ. ಸುತ್ತಲೂ ಚಾಪೆ ಹೆಣೆಯುವ ಆಪು ಹುಲ್ಲು ಆಳೆತ್ತರ ಬೆಳೆದಿದೆ. ಹಾಗಾಗಿ ಜನ ಆಪಿನ ಕೆರೆ ಅನ್ನುತ್ತಾರೆ. ಚಳಿಗೆ ಎಲ್ಲಿಂದಲೋ ಹೆಬ್ಬಾತುಗಳು ಬರುತ್ತವೆ. ನಾಲ್ಕು ವರ್ಷದಿಂದ ಮೂರು ಕಡೆಯವರು ಸೇರಿ ಅದನ್ನು ಕಾಯುತ್ತಿದ್ದೆವು. ನೀರಾವರಿ ಇಲಾಖೆ ಬೇಸಿಗೆಯಲ್ಲಿ ಒಂದಿಷ್ಟು ನೀರು ಬಿಡುತ್ತಿತ್ತು. ತಾಲ್ಲೂಕು ಬೋರ್ಡು ಕಾವಲುಗಾರನಿಗೆ ಪಗಾರ ಕೊಡುತ್ತಿತ್ತು. ಶಾಲೆಯ ಕೆಲಸ ಪಾಠ. ವಾರಕ್ಕೆ ಒಂದು ದಿನ ನಮ್ಮ ಮಕ್ಕಳು ದಂಡೆಯ ಮೇಲೆ ಕೂತು ಕಲಿಯುತ್ತಾರೆ. ಮಸ್ಕಿಯ ಮಕ್ಕಳೂ ಬಂದು ಹೋಗುತ್ತಾರೆ. ನೀರು ಎಷ್ಟು ಇಳಿಯಿತು, ಯಾವ ಹಕ್ಕಿ ಬಂತು, ಯಾವುದು ಮೊಟ್ಟೆ ಇಟ್ಟಿತು ಎಂದು ಅವರೇ ಬರೆದಿಡುತ್ತಾರೆ. ಮನೆಯಲ್ಲಿ ಒಂದು ಅಕ್ಷರ ಇಲ್ಲದವರ ಮಕ್ಕಳು ಇವರು.

ದಸರೆ ಹೊತ್ತಿಗೆ ಬೋರ್ಡಿನಿಂದ ಕಾಗದ ಬಂತು. ಈ ಬಾಬತ್ತಿಗೆ ಮುಂದೆ ಹಣವಿಲ್ಲ ಎಂದು. ಕಾವಲುಗಾರ ಇಲ್ಲದ ಕೆರೆಗೆ ನೀರು ಬಿಡಲಾಗದು ಎಂದು ನೀರಾವರಿಯವರೂ ಕೈಚೆಲ್ಲಿದರು. ಕೆಳಗಿನ ಹೊಲದವರು ಒಡ್ಡು ಒಡೆದು, ನೀರು ಹೊರಗೆ ಬಿಟ್ಟು, ನೆಲ್ಲು ಹಚ್ಚಲು ಕಾಯುತ್ತಿದ್ದರು. ಕಾವಲು ಇದ್ದ ಉಸ್ಮಾನ್‌ಸಾಬ್ ಮಾತ್ರ ಕದಲಲಿಲ್ಲ. ಪಗಾರ ಇಲ್ಲದೆ ಯಾಕೆ ಕಷ್ಟಪಡುತ್ತೀರಿ, ಮನೆಗೆ ಹೋಗಿ ಎಂದೆ. "ನಾ ಮನ್ಯಾಗ ಕುಂತ್ರ ನಾಳಿಗೆ ಒಡ್ಡು ಇರೂದಿಲ್ರೀ ಅಕ್ಕೋರೆ. ಆಮ್ಯಾಲ ಪಗಾರ ಬಂದ್ರ ಏನು ಕಾಯ್ಲಿ?" ಎಂದರು. ಅವರ ಮನೆಯಾಕೆ ಶಂಶಾದ್‌ಬೀ ಕೂಲಿಗೆ ಹೋಗಿ ಮನೆ ನಡೆಸುತ್ತಿದ್ದರು. ನನ್ನ ಎದುರಿಗೆ ಬಂದರೆ ನಕ್ಕು ಮುಂದೆ ಹೋಗುತ್ತಿದ್ದರು. ಆ ನಗು ನೋಡಲು ನನಗೆ ಆಗುತ್ತಿರಲಿಲ್ಲ.

ನಾನು ಸಿಂಧನೂರಿನ ಬೋರ್ಡು ಕಚೇರಿಗೆ ಏಳು ಸಲ ಅಲೆದೆ. ಪ್ರತಿ ಸಲ ಬೇರೆ ಮೇಜು. ಕೊನೆಗೆ ದಾರಿ ತೋರಿಸಿದ್ದು ಚಾಪೆ ಹೆಣೆಯುವ ಜೋಗಮ್ಮ. ಒಂದು ದಿನ ಆಪು ಕೊಯ್ಯುತ್ತಲೇ ಕೇಳಿದಳು: "ಈ ಆಪಿಗೆ, ಮೀನಿಗೆ ವರ್ಷಾ ಲಿಲಾವು ಆಕ್ಕೈತಿ. ಆ ರೊಕ್ಕ ಬೋರ್ಡಿಗೆ ಹೋಗ್ತದ. ಕೆರಿ ರೊಕ್ಕ ಕೆರಿಗೇ ಇಡ್ರಿ ಅಂತ ಯಾಕ ಕೇಳಬಾರದ್ರೀ?" ಏಳು ಸಲ ಬಸ್ಸು ಹತ್ತಿದ ನನಗೆ ಇದು ಹೊಳೆದಿರಲಿಲ್ಲ.

ಕಳೆದ ತಿಂಗಳ ಇಪ್ಪತ್ತೆಂಟಕ್ಕೆ ಸಿಂಧನೂರಿನಲ್ಲಿ ಬೋರ್ಡಿನ ಸಭೆ. ನಾನು, ಜೋಗಮ್ಮ, ಉಸ್ಮಾನ್‌ಸಾಬ್ ಹೋದೆವು. ಒಬ್ಬ ಸದಸ್ಯರು, "ನೆಲ್ಲಿಗೆ ನೀರು ಸಾಲವಲ್ದು, ನೀವು ಹಕ್ಕೀಗೆ ಕೇಳಾಕತ್ತೀರಿ" ಎಂದರು. ಸಭೆ ನಕ್ಕಿತು. ಜೋಗಮ್ಮ ಎದ್ದು, "ಕೆರಿ ಬತ್ತಿದ್ರ ಮುಂದಿನ ವರ್ಷ ಲಿಲಾವಿಗೆ ಏನು ಇಡ್ತೀರಿ, ಯಪ್ಪಾ?" ಎಂದಳು. ಆಗ ಯಾರೂ ನಗಲಿಲ್ಲ. ಅಧ್ಯಕ್ಷರಾದ ಅಂಬಪ್ಪನವರು ಲೆಕ್ಕಿಗರನ್ನು ಕರೆದು ಕೇಳಿದರು. ಆಪು, ಮೀನು ಎರಡರ ಹುಟ್ಟುವಳಿ ಕಾವಲುಗಾರನ ಪಗಾರಕ್ಕೂ ಮಕ್ಕಳ ಪಾಠಕ್ಕೂ ಸಾಕಾಗುತ್ತದೆ ಎಂದು ತಿಳಿಯಿತು. ಆ ಹುಟ್ಟುವಳಿ ಇನ್ನು ಕೆರೆಗೇ ಮೀಸಲು ಎಂದು ಠರಾವು ಆಯಿತು. ನೀರಾವರಿಯವರೂ ಒಪ್ಪಿದರು.

ಆದರೆ ಒಂದು ಷರತ್ತು ಬಿತ್ತು. ಹಣಕ್ಕೆ ಜವಾಬ್ದಾರಳಾಗಿ ನಾನು ಐದು ವರ್ಷ ಇದೇ ಊರಲ್ಲಿ ಇರಬೇಕು, ವರ್ಗ ಕೇಳಬಾರದು. ಸಹಿ ಮಾಡದೆ ಬೇರೆ ದಾರಿ ಇರಲಿಲ್ಲ. ಮಾಡಿದೆ. ಹಾಗಾಗಿ ಯುಗಾದಿಗೆ ಬರಲಾರೆ.

ಇದನ್ನು ಓದಿ ನಿಮಗೆ ಸಿಟ್ಟು ಬರುತ್ತದೆ. ಬರಲಿ. ನಾನು ಇಲ್ಲಿ ಸುಖವಾಗಿದ್ದೇನೆ ಎಂದು ಮಾತ್ರ ತಿಳಿಯಬೇಡಿ. ಸಂಜೆ ಶಾಲೆ ಬಿಟ್ಟ ಮೇಲೆ ಮರುದಿನ ಹಾಜರಿ ಕರೆಯುವವರೆಗೆ ನನ್ನ ದನಿ ನನಗೇ ಕೇಳುವುದಿಲ್ಲ. ರೊಟ್ಟಿ ಬಡಿಯುವಾಗ ಒಬ್ಬಳಿಗೆ ಎಷ್ಟು ಹಿಟ್ಟು ಎಂದು ಇನ್ನೂ ಕೈಗೆ ಬಂದಿಲ್ಲ. ಭಾನುವಾರ ಕೆರೆಯ ದಂಡೆಗೆ ಹೋಗಿ ಕೂರುತ್ತೇನೆ. ಉಸ್ಮಾನ್‌ಸಾಬ್ ದೂರದಿಂದಲೇ "ಆರಾಮ ಅದೀರೇನ್ರೀ?" ಎನ್ನುತ್ತಾರೆ. ಹೂಂ ಎನ್ನುತ್ತೇನೆ. ಅಷ್ಟೇ ಆ ದಿನದ ಮಾತು. ನೀವೂ ಪಾಳಿ ಮುಗಿಸಿ ಬಂದು ನೀವೇ ಬೀಗ ತೆಗೆಯುತ್ತೀರಿ ಎಂದು ಗೊತ್ತಿದೆ. ಕಾಯಿರಿ ಎನ್ನಲು ನನಗೆ ಬಾಯಿಲ್ಲ. ಆದರೆ ಪತ್ರ ನಿಲ್ಲಿಸಬೇಡಿ. ಶಾಲೆಯ ರಜೆಯಲ್ಲಿ ಬಂದು ನಾಲ್ಕು ದಿನ ಇದ್ದು ಹೋಗು ಎಂದರೆ ಬರುತ್ತೇನೆ.

ಊಟದ ಕಡೆ ಲಕ್ಷ್ಯ ಇರಲಿ.

ಇಂತು ನಿಮ್ಮವಳೇ,
ಪಂಪಮ್ಮ

ತಾ.ಕ.: ಲಕೋಟೆಗೆ ಅಂಟು ಹಚ್ಚಿ ಮತ್ತೆ ಬಿಚ್ಚಿದ್ದೇನೆ. ಷರತ್ತು ಬಿತ್ತು ಎಂದು ಬರೆದದ್ದು ಸುಳ್ಳು. ಶಾಲೆಯಿಂದ ಯಾರಾದರೂ ಒಬ್ಬರು ಜವಾಬ್ದಾರಿ ಹೊತ್ತರೆ ಸಾಕು ಎಂದಷ್ಟೇ ಅಂಬಪ್ಪನವರು ಕೇಳಿದ್ದು. ಐದು ವರ್ಷ, ನನ್ನ ಹೆಸರೇ ಹಾಕಿ ಎಂದು ಬರೆಸಿದವಳು ನಾನು. ಕೆರೆಯ ಲೆಕ್ಕ ಹೊಸಬರ ಕೈಗೆ ಹೋದರೆ ಇನ್ನೊಂದು ದಸರೆಗೆ ಮತ್ತೆ ಕಾಗದ ಬಂದೀತು ಎಂಬ ಹೆದರಿಕೆ. ಅದಕ್ಕಿಂತ ದೊಡ್ಡ ಹೆದರಿಕೆ ನನ್ನ ಬಗ್ಗೆಯೇ. ಬರೆದು ಕೊಡದಿದ್ದರೆ ನಾನು ನಿಮ್ಮ ಹತ್ತಿರ ಬಂದುಬಿಡುತ್ತಿದ್ದೆ. ಸಹಿ ಆದ ಮೇಲೆ ಜೋಗಮ್ಮ, ಉಸ್ಮಾನ್‌ಸಾಬ್ ಇಬ್ಬರನ್ನೂ ಊರಿಗೆ ಕಳಿಸಿ, ಕೆಲಸವಿದೆ ಎಂದು ಹೇಳಿ, ಲಿಂಗಸುಗೂರಿನ ಬಸ್ಸು ಹತ್ತಿದೆ. ಅಲ್ಲಿ ಹಟ್ಟಿಯ ಬಸ್ಸು ನಿಂತಿತ್ತು. "ಹಟ್ಟಿಗೇನ್ರೀ, ಅಕ್ಕಾರ?" ಎಂದು ಕಂಡಕ್ಟರ್ ಕೇಳಿದ. ಇಲ್ಲ, ವಾಪಸ್ ಸಿಂಧನೂರಿಗೆ ಎಂದೆ.