ನಿಂಬೆಹಣ್ಣಿನ ಮುಂದೆ

ಹರಿಹರ, ಅಕ್ಟೋಬರ್ ೧೯೬೪

ದಾವಣಗೆರೆಯ ಕಂಟ್ರಾಕ್ಟರ್ ಬಕ್ಕೇಶಪ್ಪನವರಿಗೆ ಫಿಟ್ಟರ್ ಸೂರಪ್ಪನ ನಮಸ್ಕಾರ.

‘ಮುಂದಿನ ವಾರ ಆಯುಧಪೂಜೆ ಐತೆ, ಹಳೇ ಪ್ಲೇಟೇ ಹಾಕಿ ಗಾಡಿ ಕಳ್ಸು’ ಎಂದು ಹೇಳಿ ಕಳಿಸಿದ್ದೀರಿ. ಹಾಕುವುದಿಲ್ಲ. ಮಣ್ಣೆತ್ತುವ ಆ ಗಾಡಿಯ ಬ್ರೇಕ್ ಬಿಚ್ಚಿ ನೋಡಿದ್ದೇನೆ. ಒಳಗಿನ ಪ್ಲೇಟುಗಳೆಲ್ಲ ಬೆಂದು ನೀಲಿಯಾಗಿವೆ. ಸೊಟ್ಟಗಾಗಿ, ಗಾಜಿನ ಮೇಲಿಟ್ಟರೆ ತೊಟ್ಟಿಲಿನಂತೆ ತೂಗುತ್ತವೆ. ಬ್ರೇಕ್ ತುಳಿದು ಎಣ್ಣೆ ಎಷ್ಟು ಒತ್ತಿದರೂ ಇವು ಚಕ್ರ ಹಿಡಿಯುವುದಿಲ್ಲ.

ಕಾಲುವೆಯ ಇಳಿಜಾರಿನಲ್ಲಿ ಗಾಡಿ ನಿಲ್ಲದೆ ಗುಡ್ಡೆಗೆ ಗುದ್ದಿದಾಗ ಡ್ರೈವರ್ ಕಾಟಪ್ಪನನ್ನು ಕುಡುಕನೆಂದು ಕೆಲಸದಿಂದ ತೆಗೆದಿರಿ. ಅವನು ಕುಡಿದಿರಲಿಲ್ಲ.

ಹೊಸ ಪ್ಲೇಟು ಕಳಿಸಿ. ಕಾಟಪ್ಪನನ್ನೂ ಕಳಿಸಿ, ಅವನು ಬಾರದೆ ಜೋಡಿಸುವುದಿಲ್ಲ. ಪೂಜೆಯ ದಿನ ಗಾಡಿಯ ದಾರಿಯಲ್ಲಿ ನಿಂಬೆಹಣ್ಣು ಇಡಿಸಿ. ಕಾಟಪ್ಪ ಓಡಿಸಿಕೊಂಡು ಬಂದು, ಹಣ್ಣು ಜಜ್ಜಿಹೋಗದಂತೆ ಚಕ್ರ ತಾಗಿಸಿ ನಿಲ್ಲಿಸುತ್ತಾನೆ.

ಹಣ್ಣಿನ ಹಿಂದೆ ನಾನು ನಿಂತಿರುತ್ತೇನೆ. ನೀವೂ ಬಂದು ನನ್ನ ಪಕ್ಕದಲ್ಲಿ ನಿಲ್ಲಿ.

ಬಿಚ್ಚಿದ ಬ್ರೇಕಿನ ಪಕ್ಕ ಕೂತಿರುವ,
ಸೂರಪ್ಪ