ಸೂಜಿಗೆ ಮೊದಲು ಚಾಚಿದ ತೋಳು

ಮಾನ್ಯ ವೈದ್ಯರಿಗೆ ವಂದನೆಗಳು.

ನಿನ್ನೆ ನನ್ನ ತಾಯಿಯವರನ್ನು ರಕ್ತಪರೀಕ್ಷೆಗೆಂದು ತಮ್ಮ ಆಸ್ಪತ್ರೆಗೆ ಕರೆತಂದಿದ್ದೆ. ಸೂಜಿಯನ್ನು ಕಂಡೊಡನೆ ಅವರು ಕೈಯನ್ನು ಹೊದಿಕೆಯೊಳಗೆ ಎಳೆದುಕೊಂಡರು. ನನ್ನ ಬಾಲ್ಯದಲ್ಲಿ ಕಹಿ ಔಷಧವನ್ನು ಮೊದಲು ತಾವೇ ನೆಕ್ಕಿ ತೋರಿಸುತ್ತಿದ್ದವರು ಅವರು. ಅದರಂತೆಯೇ ಧೈರ್ಯ ತುಂಬಲೆಂದು ನಾನು ಮೊದಲು ತೋಳು ಚಾಚಿದೆ. ನಾನು ಬಾಯಿ ತೆರೆಯುವಷ್ಟರಲ್ಲಿ ಅಲ್ಲಿನ ತರುಣಿ ನನ್ನ ರಕ್ತವನ್ನು ತೆಗೆದೇಬಿಟ್ಟಳು. ಬಳಿಕ ಅಮ್ಮನೂ ತಾವಾಗಿಯೇ ಕೈ ಕೊಟ್ಟರು. ಚೀಟಿಯಲ್ಲಿದ್ದುದು ಅಮ್ಮನ ಹೆಸರೊಂದೇ. ಎರಡು ಸೀಸೆಗಳಿಗೂ ಅದನ್ನೇ ಅಂಟಿಸಲಾಯಿತು.

ಇಂದು ಒಂದೇ ವರದಿ ಬಂದಿದೆ. ಮೂತ್ರಪಿಂಡಗಳು ಸೋತಿವೆಯೆಂದು ಅದು ಹೇಳುತ್ತದೆ. ಯಾರವು ಎಂಬುದು ನನಗೆ ಬಗೆಹರಿಯುತ್ತಿಲ್ಲ.

"ಅದು ನಂದೇ ಕಣೋ. ಈ ವಯಸ್ಸಲ್ಲಿ ನಿಂಗ್ಯಾಕೆ ಅದೆಲ್ಲ?" ಎನ್ನುತ್ತಾರೆ ಅಮ್ಮ.

ನನಗೂ ಎಪ್ಪತ್ತು ದಾಟಿತೆಂದರೆ, "ಬಂದ ದೊಡ್ಡ ಮುದುಕ! ಸುಮ್ನೆ ಊಟ ಮಾಡು" ಎಂದು ಗದರುತ್ತಾರೆ.

ಅದು ನನ್ನದೇ ಎಂದು ನಾನೂ ಹಟ ಹಿಡಿದಿದ್ದೇನೆ.

ದಯವಿಟ್ಟು ನಮ್ಮಿಬ್ಬರನ್ನೂ ಬೇರೆ ಬೇರೆ ಕೊಠಡಿಗಳಲ್ಲಿ ಮತ್ತೊಮ್ಮೆ ಪರೀಕ್ಷಿಸಿರಿ. ಫಲಿತಾಂಶವನ್ನು ಮೊದಲು ನನಗೊಬ್ಬನಿಗೇ ತಿಳಿಸಿರಿ. ಅಮ್ಮನೂ ತಮ್ಮನ್ನು ಹೀಗೆಯೇ ಕೇಳಿಕೊಳ್ಳುವರು. ಆಗ ತಾವು ಯಾರ ಮಾತನ್ನು ನಡೆಸಬೇಕೆಂಬುದು ನನಗೂ ತೋಚುತ್ತಿಲ್ಲ.

ಇತಿ,
ತಮ್ಮ ರೋಗಿ, ಇಲ್ಲವೇ ರೋಗಿಯ ಮಗ