ಕುದುರೆ ಸವಾರನ ಬೆಳ್ಳಿ ಬಿಲ್ಲೆ

ಗೋಕಾಕ
ಸೋಮವಾರ, ೫ ಅಕ್ಟೋಬರ್ ೧೯೫೯

ಹುಕ್ಕೇರಿಯ ಸರಾಫರಿಗೆ ಗೋಕಾಕದಿಂದ ಅವರ ಹೆಂಡತಿಯ ನಮಸ್ಕಾರಗಳು.

ಅತ್ತೆಯವರ ಮೊಣಕಾಲು ನೋವು ಹೇಗಿದೆ? ಅಂಗಡಿಗೆ ಗಿರಾಕಿ ಹೇಗೆ? ದಸರೆ ಹತ್ತಿರ ಬಂತು, ನಿಮಗೆ ಬಿಡುವಿರಲಿಕ್ಕಿಲ್ಲ. ಕಳೆದ ಗುರುವಾರ, ಶುಕ್ರವಾರ ಮೂಸೆಗೆ ಬೆಂಕಿ ಹಾಕಿದ್ದಿರಾ? ಏನಾದರೂ ಬೆಳ್ಳಿ ಕರಗಿಸಿದಿರಾ? ಸುಮ್ಮನೆ ಕೇಳಿದೆ.

ಇಲ್ಲ, ಸುಮ್ಮನೆ ಕೇಳಲಿಲ್ಲ. ಒಳಗೊಂದು ಇಟ್ಟುಕೊಂಡು ಹೊರಗೊಂದು ಬರೆಯಲು ನನಗೆ ಬರುವುದಿಲ್ಲ. ಮೂರು ದಿನದಿಂದ ಅನ್ನ ಸೇರುತ್ತಿಲ್ಲ. ಅದಕ್ಕೆ ಕಾರಣ ನೀವೇ ಎಂಬ ಗುಮಾನಿ ನನಗೆ ಬಂದಿದೆ. ಸಿಟ್ಟು ಬರುವುದಾದರೆ ಪತ್ರ ಪೂರ್ತಿ ಓದಿದ ಮೇಲೆ ಬರಲಿ.

ನಾನು ಇಲ್ಲಿ ಮಾಡುವುದನ್ನು ಅತ್ತೆಯವರು “ಹಳೀ ರೊಕ್ಕ ಎಣಿಸೋ ನೌಕರಿ” ಎನ್ನುತ್ತಾರೆ. ಎಣಿಸುವುದಲ್ಲ. ತಾತ್ಯಾಸಾಹೇಬರ ತಂದೆ ಜೀವಮಾನವೆಲ್ಲ ಕೂಡಿಹಾಕಿದ ನಾಣ್ಯ, ಪದಕಗಳನ್ನು ತಾತ್ಯಾಸಾಹೇಬರು ತಮ್ಮ ದೊಡ್ಡ ಮನೆಯ, ಈ ವಾಡೆಯ, ಮುಂಭಾಗದಲ್ಲಿ ವಸ್ತುಸಂಗ್ರಹಾಲಯ ಮಾಡಿ ಇಟ್ಟಿದ್ದಾರೆ. ಯಾವುದು ಯಾವ ಕಾಲದ್ದು, ಯಾರು ಹೊಡೆಸಿದ್ದು, ಅಸಲೋ ನಕಲೋ ಎಂದು ನೋಡಿ ಬರೆಯುವುದು ನನ್ನ ಕೆಲಸ. ಬಿಜಾಪುರದ ಬಾದಶಹರ ಕಾಲದ ನಾಣ್ಯವೊಂದಿದೆ, ಬೆಳ್ಳಿಯ ತಂತಿಯನ್ನು ಹೆರಳಿಗೆ ಸಿಕ್ಕಿಸುವ ಪಿನ್ನಿನ ಹಾಗೆ ಮಡಚಿ ಅದರ ಮೇಲೆ ಅಕ್ಷರ ಒತ್ತಿದ್ದಾರೆ. ಅದನ್ನು ಕೈಯಲ್ಲಿ ಹಿಡಿದ ದಿನ ನನಗೆ ಹಬ್ಬ. ಹಳೆಯ ರೂಪಾಯಿಗಳ ಮೇಲೆಲ್ಲ ಸರಾಫರು ಹೊಡೆದ ಸಣ್ಣ ಸಣ್ಣ ಗುರುತುಗಳಿವೆ. ಬೆಳ್ಳಿ ಖರೆಯೋ ಸುಳ್ಳೋ ನೋಡಲು ನಿಮ್ಮ ಹಿರಿಯರು ಬಾದಶಹನ ಹೆಸರಿನ ಮೇಲೆಯೇ ಉಳಿ ಇಟ್ಟಿದ್ದಾರೆ. ಯಾರನ್ನೂ ನಂಬದ ಈ ಗುಣ ನನಗೆ ಬಂದಿದ್ದರೆ ಅದು ನಿಮ್ಮ ಮನೆಯಿಂದಲೇ ಬಂದದ್ದು.

ಕಳೆದ ಬುಧವಾರ ನೀವು ಬಂದಾಗ ಒಂದು ಬಿಲ್ಲೆ ತೆಗೆದು ತೋರಿಸಿದ್ದೆ, ನೆನಪು ಮಾಡಿಕೊಳ್ಳಿ. ಮೊದಲನೆಯ ಮಹಾಯುದ್ಧದ ಬೆಳ್ಳಿ ಪದಕ. ಒಂದು ಮಗ್ಗುಲಿಗೆ ಇಂಗ್ಲೆಂಡಿನ ರಾಜನ ಮುಖ, ಇನ್ನೊಂದು ಮಗ್ಗುಲಿಗೆ ಕುದುರೆ ಏರಿದ ಸವಾರ. ಮಾಸಿ ಕಪ್ಪಗಾಗಿತ್ತು. ನೀವು ಅದನ್ನು ಬೇಕಾದದ್ದಕ್ಕಿಂತ ಹೆಚ್ಚು ಹೊತ್ತು ಅಂಗೈಯಲ್ಲಿ ತೂಗಿದಿರಿ. “ಬೆಳ್ಳಿ ಭಾಳ ಚಲೋ ಐತಿ, ಇಂಥಾದ್ದು ಈಗ ಎಲ್ಲಿ ಸಿಗತೈತಿ” ಎಂದಿರಿ. ಹೊರಡುವಾಗ ಪಹರೆಯ ಕರೆಪ್ಪನನ್ನು ಕಟ್ಟೆಯ ಬಾಜೂಕ್ಕೆ ಕರೆದು ಸಣ್ಣ ದನಿಯಲ್ಲಿ ಏನೋ ಹೇಳಿದಿರಿ, ಒಂದು ಅರಿವೆಯ ಗಂಟು ಕೊಟ್ಟಿರಿ. ನಾನು ಕಿಟಕಿಯಲ್ಲಿ ನಿಂತಿದ್ದೆ. ಬಿಲ್ಲೆ ಇಡುವ ಕಪಾಟಿನ ಇನ್ನೊಂದು ಕೀಲಿಕೈ ಇರುವುದು ಕರೆಪ್ಪನ ಸೊಂಟದಲ್ಲಿ.

ಶುಕ್ರವಾರ ಗಾಂಧೀ ಜಯಂತಿ, ಅಮಾವಾಸ್ಯೆಯೂ ಹೌದು. ಓಣಿಯ ಮನೆಮನೆಯಲ್ಲಿ ಹಿರಿಯರ ಹಬ್ಬದ ಗಡಿಬಿಡಿ. ನಮ್ಮ ಜೈನರಲ್ಲಿ ಆ ಹಬ್ಬವಿಲ್ಲ, ನನಗದು ಖಾಲಿ ದಿನ. ಸ್ವಲ್ಪ ಕೆಲಸ ಮಾಡೋಣವೆಂದು ನನ್ನ ಕೀಲಿಕೈಯಿಂದ ಬಾಗಿಲು ತೆಗೆದೆ. ಬಿಲ್ಲೆ ಇರಬೇಕಾದ ಖಾನೆ ಖಾಲಿ! ಕರೆಪ್ಪ ರಜೆ ಹಾಕಿ ತನ್ನೂರು ಯಮಕನಮರಡಿಗೆ ಹೋಗಿದ್ದ. ಯಮಕನಮರಡಿಯಿಂದ ಹುಕ್ಕೇರಿ ಎಷ್ಟು ಹತ್ತಿರ ಎಂದು ನಿಮಗೆ ನಾನು ಹೇಳಬೇಕಾಗಿಲ್ಲ.

ಶನಿವಾರ ಬೆಳಿಗ್ಗೆ ಬಂದು ನೋಡಿದರೆ ಬಿಲ್ಲೆ ಅದೇ ಖಾನೆಯಲ್ಲಿ ಕೂತಿದೆ, ಏನೂ ಆಗಿಲ್ಲದವರ ಹಾಗೆ. ಆದರೆ ಕಪ್ಪಗಿದ್ದದ್ದು ಫಳಫಳ ಹೊಳೆಯುತ್ತಿದೆ. ಕುದುರೆಯ ಮೂತಿ ಮೊಂಡಾಗಿದೆ. ಭೂತಗನ್ನಡಿ ಹಿಡಿದೆ. ಅಕ್ಷರಗಳ ಸಂದಿಯಲ್ಲಿ ಕೆಂಪಗೆ ಏನೋ ಕೂತಿದೆ. ಅಚ್ಚಿನ ಕೆಮ್ಮಣ್ಣು. ಎರಕ ಹೊಯ್ಯಲು ನೀವು ಅಂಗಡಿಯ ಹಿಂದೆ ನಾದಿಡುತ್ತೀರಲ್ಲ, ಅದು. ಆ ನೆಲ ಸಾರಿಸಿದವಳು ನಾನು, ಉಗುರಿನಿಂದ ಅದನ್ನು ಕೆರೆದು ತೆಗೆದವಳು ನಾನು. ಅದರ ಬಣ್ಣ ನನಗೆ ಹೇಳಿಕೊಡಬೇಡಿ.

ಅಸಲು ತೆಗೆದು ನಕಲು ಇಟ್ಟಿದ್ದಾರೆ ಎಂಬುದರಲ್ಲಿ ನನಗೆ ಸಂಶಯವಿಲ್ಲ. ಇಷ್ಟು ಬೇಗ ಇಂಥ ನಕಲು ಹೊಯ್ಯುವ ಕೈ ಈ ಸೀಮೆಯಲ್ಲಿ ಯಾರದಿದೆ? ನಿಮ್ಮ ಕೈಗುಣವನ್ನು ಹೊಗಳಬೇಕೆಂದು ಎಷ್ಟೋ ಸಲ ಅಂದುಕೊಂಡಿದ್ದೆ. ಹೀಗೆ ಹೊಗಳಬೇಕಾದೀತು ಎಂದುಕೊಂಡಿರಲಿಲ್ಲ.

ಬೆಳ್ಳಿಯ ಆಸೆಗೆ ಮಾಡಿದಿರಿ ಎನ್ನುವುದಿಲ್ಲ. ನನ್ನ ನೌಕರಿ ಹೋಗಲಿ, ದಸರೆಗೆ ಹುಕ್ಕೇರಿಗೆ ಬಂದವಳು ಅಲ್ಲಿಯೇ ಉಳಿಯಲಿ ಎಂದು ಮಾಡಿರಬಹುದು. ಹೋದ ಸಲದ ಜಗಳದಲ್ಲಿ “ನಿನ್ನ ನೌಕರಿ ಎಷ್ಟ ದಿನ ನಡೀತೈತಿ ನಾನೂ ನೋಡತೇನಿ” ಎಂದವರು ನೀವಲ್ಲದೆ ಮತ್ತಾರು?

ಗುರುವಾರ ತಾತ್ಯಾಸಾಹೇಬರು ಕೊಲ್ಲಾಪುರದಿಂದ ಬರುತ್ತಾರೆ. ನಾನು ಬಾಯಿ ಮುಚ್ಚಿಕೊಂಡಿದ್ದರೆ ನಾಳೆ ನಾನೇ ಕಳ್ಳಿ. ಬಾಯಿ ಬಿಟ್ಟರೆ ಕರೆಪ್ಪನನ್ನು ಫೌಜದಾರರ ಕೈಗೆ ಕೊಡುತ್ತಾರೆ, ಅವನು ನಿಮ್ಮ ಹೆಸರು ಹೇಳುತ್ತಾನೆ. ಅಷ್ಟರೊಳಗೆ ಅಸಲು ಬಿಲ್ಲೆ ತಿರುಗಿ ಬರಲಿ. ಬಂದರೆ ಒಂದು ಮಾತೂ ಕೇಳುವುದಿಲ್ಲ. ಬರದಿದ್ದರೆ ದಸರೆಗೆ ನನ್ನ ದಾರಿ ನೋಡಬೇಡಿ, ಆಮೇಲೂ ನೋಡಬೇಡಿ.

ಇನ್ನೂ ನಿಮ್ಮವಳೆಂದೇ ಬರೆಯುತ್ತಿರುವ
ರಾಜಮತಿ

ತಾ.ಕ.: ಕರೆಪ್ಪನಿಗೆ ಕೊಟ್ಟ ಗಂಟಿನಲ್ಲಿ ಏನಿತ್ತು?


ಹುಕ್ಕೇರಿ
ಮಂಗಳವಾರ, ೬ ಅಕ್ಟೋಬರ್ ೧೯೫೯

ಚಿ. ಸೌ. ರಾಜಮತಿಗೆ ಆಶೀರ್ವಾದ.

ನಿನ್ನ ಪತ್ರವನ್ನು ಬಸ್ಸಿನ ಕಂಡಕ್ಟರ್ ಅಂಗಡಿಗೇ ತಂದುಕೊಟ್ಟ. ಗಿರಾಕಿಗಳು ಕೂತಿದ್ದರು, ನಗುಮುಖ ಮಾಡಿಕೊಂಡು ಓದಬೇಕಾಯಿತು. ಅವ್ವ “ಏನ್ ಬರದಾಳೋ?” ಎಂದು ಒಳಗಿನಿಂದ ಕೇಳಿದಳು. “ನಿನ್ನ ಮೊಣಕಾಲು ಹೆಂಗೈತಿ ಅಂತ ಕೇಳ್ಯಾಳ” ಎಂದೆ. ಓದಿ ಹೇಳುವಂಥ ಸಾಲು ಅದೊಂದೇ ಇತ್ತು.

ಗುರುವಾರ ಮೂಸೆಗೆ ಬೆಂಕಿ ಹಾಕಿದ್ದು ನಿಜ. ಕಾಲುಂಗುರ ಮಾಡಿದೆ, ಬಿಲ್ಲೆ ಮಾಡಲಿಲ್ಲ. ನಂಬು ಎಂದು ನಾನು ಬೇಡುವುದಿಲ್ಲ. ನಂಬುವವಳಾಗಿದ್ದರೆ ಆ ಪತ್ರ ಬರೆಯುತ್ತಿರಲಿಲ್ಲ. ನಮ್ಮ ಹಿರಿಯರು ರೂಪಾಯಿಗೆ ಒಂದು ಗುರುತು ಹೊಡೆದು ಬಿಡುತ್ತಿದ್ದರು. ನೀನು ನನ್ನ ಮೇಲೆ ಜಾಗವನ್ನೇ ಉಳಿಸಿಲ್ಲ.

ಗಂಟಿನಲ್ಲಿ ಇದ್ದದ್ದು ಅವ್ವ ಕಟ್ಟಿದ ಬೇಸನ್ ಉಂಡಿ. ನಾನು ಕೊಟ್ಟರೆ ಜಗಳದ ಸಿಟ್ಟಿಗೆ ನೀನು ಮುಟ್ಟುವುದಿಲ್ಲ, ಯಾರ ಕೈಯಲ್ಲಾದರೂ ಕೊಡು ಎಂದು ಅವಳೇ ಹೇಳಿ ಕಳಿಸಿದ್ದಳು. ಕರೆಪ್ಪನಿಗೆ ನಾನು ಹೇಳಿದ್ದು ಇಷ್ಟು: “ಬಾಯರ ಮೇಜಿನ ಮ್ಯಾಲ ಇಡು, ಯಾರ ಕೊಟ್ಟಾರಂತ ಹೇಳಬ್ಯಾಡ. ಹೊತ್ತ ಮುಳಗೂದರಾಗ ಊಟದ್ದು ನೆನಪ ಮಾಡು. ಆ ಭೂತಗನ್ನಡಿ ಹಿಡದಳಂದ್ರ ಆಕಿಗಿ ಹೊತ್ತ ಹೋಗಿದ್ದು ಗೊತ್ತಾಗೂದಿಲ್ಲ.” ಉಂಡಿ ತಿಂದೆಯೋ ಇಲ್ಲವೋ ಎಂದು ಅವ್ವ ದಿನಾ ಕೇಳುತ್ತಾಳೆ.

ಜಗಳದಲ್ಲಿ ಆ ಮಾತು ಆಡಿದ್ದೆ. ಆಡಬಾರದಿತ್ತು. ಆದರೆ ಹೆಂಡತಿ ಮನೆಗೆ ಬರಲಿ ಎಂದು ಅವಳನ್ನು ಕಳ್ಳಿ ಮಾಡುವಷ್ಟು ಹೀನ ಮನುಷ್ಯ ನಾನಲ್ಲ. ನನಗೆ ಬಹಳ ನೋವಾಗಿದೆ. ದಸರೆಗೆ ಬರುವುದು ಬಿಡುವುದು ನಿನಗೆ ಬಿಟ್ಟದ್ದು.

ನೇಮಿನಾಥ


ಗೋಕಾಕ
ಶುಕ್ರವಾರ, ೯ ಅಕ್ಟೋಬರ್ ೧೯೫೯

ನಿಮಗೆ ನಮಸ್ಕಾರ. ಯಾವ ಮುಖ ಇಟ್ಟುಕೊಂಡು ಎಂದು ಕೇಳಬೇಡಿ. ಪತ್ರದಲ್ಲಿ ಮುಖ ಕಾಣುವುದಿಲ್ಲ ಎಂಬ ಧೈರ್ಯದ ಮೇಲೆ ಬರೆಯುತ್ತಿದ್ದೇನೆ.

ಉಂಡಿ ತಿಂದೆ. ಕರೆಪ್ಪ ಗಂಟು ಬಿಚ್ಚಿ ಡಬ್ಬಿಯಲ್ಲಿ ಹಾಕಿ ಇಟ್ಟಿದ್ದ, ಅವನ ಮನೆಯವು ಎಂದುಕೊಂಡು ಒಂದೂ ಬಿಡದೆ ತಿಂದೆ. ತನಿಖೆಗೆ ಬೇಕಾದ ಸಾಕ್ಷಿಯನ್ನು ನಾನೇ ತಿಂದು ಮುಗಿಸಿದ್ದೆ ನೋಡಿ.

ನಿಮ್ಮ ಪತ್ರ ಓದಿದ ಮೇಲೂ ಅನುಮಾನ ಪೂರ್ತಿ ಹೋಗಲಿಲ್ಲ ಎಂದರೆ ಮತ್ತೆ ನೋಯಬೇಡಿ. ಅಮಾವಾಸ್ಯೆಯ ಹಿಂದಿನ ದಿನ ಯಾರು ಕಾಲುಂಗುರ ಮಾಡಿಸುತ್ತಾರೆ ಎಂದು ಯೋಚಿಸುತ್ತ ಬುಧವಾರ ಮಧ್ಯಾಹ್ನ ಬಿಲ್ಲೆಯನ್ನು ಮುಂದಿಟ್ಟುಕೊಂಡು ಕೂತಿದ್ದೆ. ಆಗ ಕರೆಪ್ಪ ಒಬ್ಬ ಮುದುಕಿಯನ್ನು ಕರೆದುಕೊಂಡು ಒಳಗೆ ಬಂದ. ಅವನ ತಾಯಿ ಸತ್ತೆವ್ವ. ನಾನು ದಿನಾ ಆ ಬಿಲ್ಲೆಯನ್ನು ನೋಡುವುದು, ಆಮೇಲೆ ಅವನ ಮುಖ ನೋಡುವುದು ನಡೆದೇ ಇತ್ತಲ್ಲ, ಹೆದರಿ ತಾಯಿಗೆ ಹೇಳಿಕಳಿಸಿದ್ದನಂತೆ.

ಸತ್ತೆವ್ವ ನನ್ನನ್ನು ನೋಡಲೇ ಇಲ್ಲ. ಬಿಲ್ಲೆಯನ್ನು ಕಂಡವಳೇ ಸೆರಗನ್ನು ತಲೆಯ ಮೇಲೆ ಎಳೆದುಕೊಂಡು ಕೈಮುಗಿದಳು. ಬರಿ ಹಣೆಯ ಹೆಂಗಸು. ಎಲೆಯಲ್ಲಿ ಕಟ್ಟಿ ತಂದ ಕುಂಕುಮ ಬಿಚ್ಚಿ ಮಗನಿಗೆ “ಹಚ್ಚೋ” ಎಂದಳು. ಕರೆಪ್ಪ ನನ್ನ ಕಡೆ ಒಮ್ಮೆ ನೋಡಿ, ಹೆಬ್ಬೆರಳು ಅದ್ದಿ ಕುದುರೆ ಸವಾರನ ಮೇಲೆ ಒತ್ತಿದ. ಕುಂಕುಮ ಉದುರಿ ಅಕ್ಷರಗಳ ಸಂದಿಯಲ್ಲಿ ಕೂತಿತು. ಮೂರು ದಿನ ಅನ್ನ ಬಿಟ್ಟು ನಾನು ಪತ್ತೆ ಹಚ್ಚಿದ ಕೆಮ್ಮಣ್ಣು ಅದೇ.

“ನನ್ನ ಮಗಾ ಕಳವು ಮಾಡಿಲ್ರಿ ಬಾಯರ” ಎಂದಳು ಸತ್ತೆವ್ವ. “ವರ್ಷಾ ಹಿರೇರ ಹಬ್ಬಕ್ಕ ಅವರಪ್ಪನ್ನ ಉಣ್ಣಾಕ ಮನಿಗಿ ಕರಕೊಂಡ ಬರತಾನ. ಹುಣಸಿಹಣ್ಣ, ಬೂದಿ ಹಚ್ಚಿ ತಿಕ್ಕಿ ತೊಳದು, ದೇವರ ಜಗಲಿ ಮ್ಯಾಲ ಕುಂದರಿಸಿ, ಎಡಿ ಹಿಡದು, ಮರದಿನ ಕಳಿಸಿಬಿಡತೇವ್ರಿ.” ಕುದುರೆಯ ಮೂತಿ ಮೊಂಡಾದದ್ದೂ ವರ್ಷವರ್ಷದ ಆ ತಿಕ್ಕಾಟದಿಂದಲೇ.

ಅವಳ ಗಂಡ ವಾಡೆಯ ಹೊಲ ಮಾಡುತ್ತಿದ್ದವನು. ಕಡಲಾಚೆ ಬಸರೆಯ ಕಡೆ ಯುದ್ಧಕ್ಕೆ ಹೋದವನು ತಿರುಗಿ ಬರಲಿಲ್ಲ, ಮಣ್ಣು ಮಾಡಲು ಮೈಯೂ ಬರಲಿಲ್ಲ. ಕರೆಪ್ಪ ಆಗ ಮೊಲೆಗೂಸು. ಯುದ್ಧ ಮುಗಿದು ಎಷ್ಟೋ ದಿನದ ಮೇಲೆ ಟಪಾಲಿನಲ್ಲಿ ಈ ಬಿಲ್ಲೆ ಬಂತು. ಅಂಚಿನ ಮೇಲೆ ಏನೋ ಬರೆದಿದೆ ಎಂದು ಓದಿಸಲು ವಾಡೆಗೆ ತಂದರೆ, ತಾತ್ಯಾಸಾಹೇಬರ ತಂದೆ “ಇಟ್ಟ ಹೋಗು, ಓದಿ ಹೇಳತೇನಿ” ಎಂದರಂತೆ. ಓದಿ ಹೇಳಲಿಲ್ಲ, ತಿರುಗಿ ಕೊಡಲೂ ಇಲ್ಲ. ದೊಡ್ಡವರನ್ನು ಕೇಳುವುದು ಹೇಗೆಂದು ಇವಳು ಕೇಳಲಿಲ್ಲ. ಕರೆಪ್ಪ ಈ ಪಹರೆಯ ಕೆಲಸಕ್ಕೆ ಸೇರಿದ್ದೇ ಆ ಬಿಲ್ಲೆಗಾಗಿ.

ನಾನು ಬಿಲ್ಲೆಯ ಅಂಚನ್ನು ಭೂತಗನ್ನಡಿಯ ಕೆಳಗೆ ತಿರುಗಿಸಿದೆ. ಯುದ್ಧದ ಪದಕಗಳ ಅಂಚಿನಲ್ಲಿ ಸಿಪಾಯಿಯ ಹೆಸರು ಒತ್ತಿರುತ್ತಾರೆ, ಎರಕದ ನಕಲಿನಲ್ಲಿ ಅದು ಅಷ್ಟು ಚೂಪಾಗಿ ಬರುವುದಿಲ್ಲ. ಕಲಿತವಳು ಮೊದಲು ಅಲ್ಲಿಯೇ ನೋಡಬೇಕಿತ್ತು. ನನಗೆ ನಿಮ್ಮನ್ನು ಹಿಡಿಯುವ ಅವಸರ. ನಂಬರು ಓದಿದೆ, ಪಲಟಣಿನ ಹೆಸರು ಓದಿದೆ, ಆಮೇಲೆ ಗಟ್ಟಿಯಾಗಿ “ಲಗಮಪ್ಪ” ಎಂದು ಓದಿದೆ. ಸತ್ತೆವ್ವ ಗಂಡನ ಹೆಸರನ್ನು ಬಾಯಿಂದ ಆಡುವವಳಲ್ಲ. “ಇನ್ನೊಮ್ಮಿ ಓದ್ರಿ” ಎಂದಳು. ಓದಿದೆ. “ಹಂಗಾರ ಓದಿ ಹೇಳೂದು ಇವತ್ತ ಆತು” ಎಂದು ಮಗನಿಗೆ ಹೇಳಿ ಎದ್ದಳು. ನನಗೆ ಅಳು ತಡೆಯಲಾಗಲಿಲ್ಲ.

ಮೊದಲ ಪತ್ರದಲ್ಲಿ ಒಂದು ವಿಷಯ ಮುಚ್ಚಿಟ್ಟಿದ್ದೆ. ತಾತ್ಯಾಸಾಹೇಬರು ತಾವಾಗಿ ಬರುವವರಿರಲಿಲ್ಲ. ಶನಿವಾರವೇ ತಾರು ಕೊಟ್ಟು ನಾನೇ ಕರೆಸಿದ್ದೆ. ನಿಮ್ಮನ್ನು ಕೇಳುವ ಮೊದಲೇ! ನಿನ್ನೆ ಅವರು ಬಂದಾಗ, ಬಿಲ್ಲೆ ಅಸಲೇ ಇದೆ, ನನ್ನ ಕಣ್ಣಿನ ತಪ್ಪು ಎಂದೆ. “ಬಾಯಿ, ನಿಮಗ ಚಾಳೀಸ ಬೇಕಾಗೇತಿ” ಎಂದು ನಕ್ಕರು. ಸಿಪಾಯಿಯ ಮನೆಯವರು ಯಾರಾದರೂ ಇದ್ದರೆ ತಿರುಗಿ ಕೊಡಬಹುದೇ ಎಂದು, ಯಾರ ಹೆಸರೂ ಹೇಳದೆ ಕೇಳಿ ನೋಡಿದೆ. “ಒಂದ ಬಿಲ್ಲೆ ಕೊಟ್ರ ನಾಳಿ ಊರ ಮಂದಿ ಎಲ್ಲಾ ಬಾಗಲಕ್ಕ ಬರತಾರ. ಖಾನೆ ಖಾಲಿ ಇರಬಾರದು, ನೀವು ಅಷ್ಟ ನೋಡ್ರಿ” ಎಂದು ಮೋಟಾರು ಹತ್ತಿದರು. ಹಾಗಿದ್ದರೆ ಅಷ್ಟನ್ನು ನೋಡಿಕೊಳ್ಳುತ್ತೇನೆ ಎಂದು ನಾನೂ ಅಂದುಕೊಂಡೆ.

ದಸರೆಗೆ ಬರುತ್ತೇನೆ. ನಿಮ್ಮ ಕೈಗೆ ಬನ್ನಿ ಕೊಟ್ಟು, ತಪ್ಪಾಯಿತು ಎಂದು ಬಾಯಿಬಿಟ್ಟು ಹೇಳುತ್ತೇನೆ. ಜಗಳದ ಆ ಮಾತಿಗೆ ನೀವೂ ಬಾಯಿಬಿಟ್ಟೇ ಹೇಳಬೇಕು, ಪತ್ರದಲ್ಲಿ ಹೇಳಿದ್ದು ಸಾಲದು. ಹಬ್ಬ ಮುಗಿದ ಮೇಲೆ ಗೋಕಾಕಕ್ಕೆ ತಿರುಗಿ ಹೋಗುತ್ತೇನೆ, ನೌಕರಿ ಬಿಡುವುದಿಲ್ಲ. ಅತ್ತೆಯವರಿಗೆ ಉಂಡಿ ಬಹಳ ಚೆನ್ನಾಗಿದ್ದವು ಎಂದು ಈಗಲೇ ಒಳಗೆ ಹೋಗಿ ಹೇಳಿ.

ನಿಮ್ಮ
ರಾಜಮತಿ

ತಾ.ಕ.: ಈ ಪತ್ರವನ್ನು ಕಂಡಕ್ಟರ್ ತರುವುದಿಲ್ಲ, ಕರೆಪ್ಪ ತರುತ್ತಾನೆ. ಅವನ ಹತ್ತಿರ ಒಂದು ಅರಿವೆಯ ಗಂಟಿದೆ, ಗಿರಾಕಿಗಳ ಎದುರು ಬಿಚ್ಚಬೇಡಿ. ನೀವು ಮಾಡಿದಿರಿ ಎಂದು ನಾನು ದೂರಿದ ಕೆಲಸವನ್ನು ಈಗ ಮಾಡಿಕೊಡಿ. ಅಸಲು ಕರೆಪ್ಪನ ಜೊತೆ ಯಮಕನಮರಡಿಗೆ ಹೋಗಲಿ, ನಕಲನ್ನು ಹಬ್ಬ ಮುಗಿಸಿ ನಾನು ತರುತ್ತೇನೆ. ಅಕ್ಷರಗಳ ಸಂದಿಯಲ್ಲಿ ಸ್ವಲ್ಪ ಕೆಮ್ಮಣ್ಣು ಉಳಿದರೂ ತೊಳೆಯುತ್ತ ಕೂಡಬೇಡಿ. ಯಾರಾದರೂ ಕೇಳಿದರೆ ಕುಂಕುಮ ಎನ್ನುತ್ತೇನೆ.